ಮೈಬಣ್ಣ ಮತ್ತು ಚೆಲುವಿನ ಅಳತೆಗೋಲು

ಹೆಣ್ಣು ನೋಡಿ ಬಂದವರ ಬಾಯಿಂದ ನಾವೆಲ್ಲರೂ ಕೇಳಿರುವ ಮಾತೊಂದಿದೆ: “ಹುಡುಗಿ ಕಪ್ಪು. ಆದರೂ ಲಕ್ಷಣವಾಗಿದ್ದಾಳೆ.” ಹೇಳಿದವರ ಮನಸ್ಸಿನಲ್ಲಿ ಕೆಡುಕೇನೂ ಇರುವುದಿಲ್ಲ, ಹೊಗಳಿಕೆಯೆಂದೇ ತಿಳಿದು ಹೇಳಿರುತ್ತಾರೆ. ಆದರೆ ಬಹುಕಾಲ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟ ನನ್ನಂಥವನ ಕಿವಿ ಆ ಮಾತಿನ ನಡುವಣ ಮೂರು ಅಕ್ಷರಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅದು ‘ಆದರೂ’ ಎಂಬ ಪದ.

“ಮಳೆ ಬಂತು, ಆದರೂ ಆಟ ನಿಲ್ಲಲಿಲ್ಲ” ಎನ್ನುತ್ತೇವೆ. ಮಳೆ ಬಂದರೆ ಆಟ ನಿಲ್ಲುವುದು ವಾಡಿಕೆ. ಆ ವಾಡಿಕೆ ತಪ್ಪಿದಾಗ ಮಾತ್ರ ‘ಆದರೂ’ ಎಂಬುದಕ್ಕೆ ಕೆಲಸವುಂಟು. “ಮಳೆ ಬಂತು, ಆದರೂ ನೆಲ ನೆನೆಯಿತು” ಎಂದು ಯಾರೂ ಹೇಳುವುದಿಲ್ಲ. ಹೀಗಿರುವಲ್ಲಿ ‘ಕಪ್ಪು, ಆದರೂ ಲಕ್ಷಣ’ ಎನ್ನುವವರು, ಕಪ್ಪಾಗಿರುವವರಿಗೆ ಲಕ್ಷಣವಿರುವುದಿಲ್ಲ ಎಂಬ ನಿಯಮವೊಂದನ್ನು ಮೊದಲೇ ಒಪ್ಪಿಕೊಂಡಿರುತ್ತಾರೆ. ಈ ನಿಯಮವನ್ನು ಮಾಡಿದವರು ಯಾರು? ಅದು ನಮ್ಮ ಮನೆಯೊಳಕ್ಕೆ ಬಂದದ್ದು ಹೇಗೆ? ಅದನ್ನು ನಂಬಿ ನಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆ? ಈ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಮೊದಲು ನುಡಿಯನ್ನೇ ನೋಡಬಹುದು. ಕನ್ನಡವು ಕಪ್ಪಿಗೆ ಹೇಸಿದ ನುಡಿಯಲ್ಲ. ಮುತ್ತೈದೆಯ ಕೊರಳಲ್ಲಿರುವುದು ಕರಿಮಣಿ. ಕಣ್ಣಿಗೆ ತೀಡುವುದು ಕಾಡಿಗೆ. ಬಯಲುಸೀಮೆಯ ರೈತನು ಬಾನಿನಲ್ಲಿ ಹುಡುಕುವುದು ಕಾರ್ಮುಗಿಲನ್ನು, ನೆಲದಲ್ಲಿ ನಂಬುವುದು ಎರೆಯನ್ನು. ಕರ್ನಾಟಕವೆಂಬ ಹೆಸರಿಗೇ ಎತ್ತರದ ನಾಡು ಎಂದು ಒಂದು ಪಕ್ಷದ ವಿದ್ವಾಂಸರೂ, ಕರಿಯ ಮಣ್ಣಿನ ನಾಡು ಎಂದು ಇನ್ನೊಂದು ಪಕ್ಷದವರೂ ಅರ್ಥ ಹೇಳಿದ್ದಾರೆ. ‘ಕಪ್ಪುಹಣ’, ‘ಕಪ್ಪುಪಟ್ಟಿ’ ಮೊದಲಾದ ಮಾತುಗಳು ಇಂಗ್ಲಿಷಿನಿಂದ ಅನುವಾದಗೊಂಡು ಬಂದವು. ಹಾಗೆಂದು ನಮ್ಮ ನುಡಿ ಪೂರ್ತಿ ನಿರ್ದೋಷಿಯೆಂದೂ ಹೇಳಲಾಗದು. ಅವಮಾನ ಮಾಡುವುದಕ್ಕೆ ‘ಮುಖಕ್ಕೆ ಮಸಿ ಬಳಿಯುವುದು’ ಎಂದವರು ನಾವೇ. ‘ಎಣ್ಣೆಗೆಂಪು’, ‘ಗೋಧಿಬಣ್ಣ’ ಎಂಬ ಸೊಗಸಾದ ಮಾತುಗಳು ಇಂದು ಬಣ್ಣವನ್ನು ತಿಳಿಸುವುದಕ್ಕಿಂತ ಕಪ್ಪನ್ನು ಮರೆಮಾಚುವುದಕ್ಕೇ ಹೆಚ್ಚಾಗಿ ಬಳಕೆಯಾಗುತ್ತಿವೆ. ವಧೂವರರ ಜಾಹೀರಾತುಗಳಲ್ಲಿ ಗೋಧಿಬಣ್ಣದವರು ಎಷ್ಟು ಮಂದಿ ಇದ್ದಾರೆಂದರೆ, ರಾಗಿಯ ಸೀಮೆಯಾದ ನಮ್ಮಲ್ಲಿ ಇಷ್ಟೊಂದು ಗೋಧಿ ಎಲ್ಲಿ ಬೆಳೆಯಿತೋ ಎನ್ನಿಸುತ್ತದೆ!

ನಮ್ಮ ಕಾವ್ಯಪುರಾಣಗಳ ಸಾಕ್ಷಿ ಏನು? ರಾಮನೂ ಕೃಷ್ಣನೂ ಶ್ಯಾಮಲರು. ಭಾರತವನ್ನು ಹೇಳಿದ ಋಷಿ ಕೃಷ್ಣದ್ವೈಪಾಯನ. ಮೈಬಣ್ಣದಿಂದ ಬಂದ ಹೆಸರದು. ಯಾವಳ ಸ್ವಯಂವರಕ್ಕೆ ದೇಶದೇಶದ ಅರಸರು ಬಂದು ಸೇರಿದರೋ ಆ ದ್ರೌಪದಿಯ ಇನ್ನೊಂದು ಹೆಸರು ಕೃಷ್ಣೆ. ಅವಳನ್ನು ಬಣ್ಣಿಸಿದವರು ‘ಆದರೂ’ ಎಂಬ ಮಾತನ್ನು ಸೇರಿಸಬೇಕಾಗಿ ಬರಲಿಲ್ಲ. ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇಗುಲದಲ್ಲಿ ದರ್ಪಣಸುಂದರಿಯೆಂದು ಪ್ರಸಿದ್ಧಳಾದ ಮದನಿಕೆಯೊಬ್ಬಳಿದ್ದಾಳೆ. ಕೈಯಲ್ಲಿ ಕನ್ನಡಿ ಹಿಡಿದು ತನ್ನ ಮುಖವನ್ನು ತಾನೇ ನೋಡಿಕೊಳ್ಳುತ್ತ ನಿಂತಿದ್ದಾಳೆ. ಅವಳನ್ನು ಕಡೆದದ್ದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲದು. ಒಂಬತ್ತು ಶತಮಾನಗಳಿಂದ ಆ ಕಪ್ಪೇರಿದ ಮುಖದಲ್ಲಿ ಯಾರೂ ಕೊರತೆ ಕಂಡಿಲ್ಲ.

ಆದರೆ ಒಪ್ಪಿಕೊಳ್ಳಬೇಕಾದ ಇನ್ನೊಂದು ಮುಖವೂ ಉಂಟು. ಅದೇ ಕವಿಗಳು ಗೌರಾಂಗಿಯರನ್ನೂ ಹೊಗಳಿದರು. ರಕ್ಕಸರನ್ನು ಕರ್ರಗೆ ಚಿತ್ರಿಸಿದರು. ‘ವರ್ಣ’ ಎಂಬ ಒಂದೇ ಪದ ಬಣ್ಣವನ್ನೂ ಹೇಳುತ್ತದೆ, ಹುಟ್ಟಿನ ಮೇಲುಕೀಳನ್ನೂ ಹೇಳುತ್ತದೆ. ಬಿಸಿಲಿನಲ್ಲಿ ದುಡಿದವನ ಮೈ ಕಪ್ಪಾಯಿತು, ನೆರಳಿನಲ್ಲಿ ಕುಳಿತು ಉಂಡವನ ಮೈ ಬೆಳ್ಳಗೆ ಉಳಿಯಿತು. ಹೀಗೆ ಬಿಳುಪು ಸಿರಿವಂತಿಕೆಯ ಗುರುತಾಯಿತು. ಅದರ ಮೇಲೆ ಬಿಳಿಯರ ಆಳ್ವಿಕೆ ಬಂದು ಬಿಳುಪಿಗೆ ಅಧಿಕಾರದ ಮುದ್ರೆಯೂ ಬಿತ್ತು. ಯೂರೋಪಿನಲ್ಲಿ ನಡೆದ ಬದಲಾವಣೆಯನ್ನು ನೋಡಿದರೆ ಇದರ ಮರ್ಮ ತಿಳಿಯುತ್ತದೆ. ಕೂಲಿಯವರು ಹೊಲದಲ್ಲಿ ದುಡಿಯುತ್ತಿದ್ದಷ್ಟು ಕಾಲ ಅಲ್ಲಿಯೂ ಬಿಳುಪೇ ದೊಡ್ಡಸ್ತಿಕೆ. ಕೂಲಿಯವರು ಕಾರ್ಖಾನೆಯ ಸೂರಿನಡಿ ಹೋದ ಮೇಲೆ, 1920ರ ದಶಕದಿಂದೀಚೆಗೆ, ಸಮುದ್ರತೀರದಲ್ಲಿ ಬಿಸಿಲು ಕಾಯಿಸಿ ಕಂದಾಗಿ ಬರುವುದೇ ಸಿರಿವಂತರ ಷೋಕಿಯಾಯಿತು. ಚರ್ಮ ಅದೇ, ಬದಲಾದದ್ದು ಬಿಡುವು ಯಾರಿಗಿದೆ ಎಂಬ ಲೆಕ್ಕ ಮಾತ್ರ.

ಇಷ್ಟೆಲ್ಲ ಪಾಠ ಹೇಳುವ ನಾನು ನಡೆದುಕೊಂಡದ್ದು ಹೇಗೆ ಎಂಬುದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಶಾಲಾ ವಾರ್ಷಿಕೋತ್ಸವಕ್ಕೆ ಸಭಾಪರ್ವದ ಒಂದು ದೃಶ್ಯವನ್ನು ಆಡಿಸಿದೆ. ತರಗತಿಯಲ್ಲಿ ಹಳಗನ್ನಡ ನಡುಗನ್ನಡಗಳನ್ನು ತೊಡರಿಲ್ಲದೆ ಓದುವ, ಕಂಚಿನ ಕಂಠದ ಹುಡುಗಿಯೊಬ್ಬಳಿದ್ದಳು. ದ್ರೌಪದಿಯ ಪಾತ್ರ ತನಗೇ ಎಂದು ಅವಳು ನಂಬಿದ್ದಳು. ಉಳಿದ ಮಕ್ಕಳೂ ಹಾಗೆಯೇ ತಿಳಿದಿದ್ದರು. ನಾನು ಬೆಳ್ಳಗಿದ್ದ ಬೇರೊಬ್ಬ ಹುಡುಗಿಯನ್ನು ಆರಿಸಿದೆ. “ರಂಗದ ಮೇಲೆ ಕಳೆ ಬೇಕಲ್ಲ” ಎಂದು ಸಹೋದ್ಯೋಗಿಗಳಿಗೆ ಹೇಳಿದೆ. ಮೊದಲನೆಯವಳಿಗೆ ಪರದೆಯ ಹಿಂದೆ ನಿಂತು ಕಥೆ ಓದುವ ಕೆಲಸ ಕೊಟ್ಟೆ. ಅವಳು ಓದಿದಳು, ಚೆನ್ನಾಗಿಯೇ ಓದಿದಳು. ಮರುವಾರ ಪಾಠದಲ್ಲಿ ‘ಕೃಷ್ಣೆ’ ಎಂಬ ಪದ ಬಂತು. ಅರ್ಥವೇನೆಂದು ಕೇಳಿದೆ. ಅವಳೇ ಎದ್ದು ನಿಂತು, “ಕಪ್ಪು ಬಣ್ಣದವಳು, ಸಾರ್” ಎಂದು ಹೇಳಿ ಕುಳಿತುಕೊಂಡಳು. ಬೇರೇನೂ ಹೇಳಲಿಲ್ಲ. ಉತ್ತರ ಸರಿಯಾಗಿತ್ತು. ಆ ದಿನ ನನಗೆ ಪಾಠ ಮುಂದುವರಿಯಲಿಲ್ಲ.

ಓದಿದ್ದು ಒಂದು, ಕಣ್ಣು ಕಲಿತದ್ದು ಇನ್ನೊಂದು. ಹಾಗಾದರೆ ನನ್ನ ಕಣ್ಣಿಗೆ ಆ ಪಾಠ ಹೇಳಿಕೊಟ್ಟವರು ಯಾರು? ಹಿರಿಯರ ಮಾತು ಒಂದು ಪಾಲು. ಪೇಟೆಯ ಜಾಹೀರಾತು ಇನ್ನೊಂದು ದೊಡ್ಡ ಪಾಲು.

ನಮ್ಮ ಮನೆಗಳಲ್ಲಿ ‘ಸ್ನೋ ಪೌಡರ್’ ಎಂಬ ಜೋಡಿ ಮಾತು ಹಳೆಯದು. ಮುಂಬಯಿಯಲ್ಲಿ ಪಾಟನವಾಲಾ ಎಂಬುವರು 1919ರಲ್ಲಿ ಅಫ್ಘಾನ್ ಸ್ನೋ ಎಂಬ ಲೇಪನವನ್ನು ಮಾರುಕಟ್ಟೆಗೆ ತಂದರು. ಸ್ನೋ ಎಂದರೆ ಹಿಮ. ಸ್ಟಿಯರಿಕ್ ಆಮ್ಲವೆಂಬ ಕೊಬ್ಬಿನ ಅಂಶವನ್ನು ಸ್ವಲ್ಪ ಕ್ಷಾರದೊಡನೆ ನೀರಿನಲ್ಲಿ ಕದಡಿ ಮಾಡುವ ಬಿಳಿಯ ಲೇಪನವೇ ಸ್ನೋ. ತಿಕ್ಕಿದರೆ ಹಿಮದಂತೆ ಕರಗಿ ಕಾಣದಾಗುತ್ತದೆ. ಎಣ್ಣೆಯ ಜಿಡ್ಡು ಕಾಣದಂತೆ ತೆಳುವಾದ ಪೊರೆಯೊಂದು ಉಳಿಯುತ್ತದೆ. ಚರ್ಮದ ಬಣ್ಣವನ್ನು ಅದು ಬದಲಿಸದು. ಮೇಲೆ ಪೌಡರು ನಿಲ್ಲಲು ಸಹಾಯಮಾಡುತ್ತದೆ, ಅಷ್ಟೆ. ಸಂಜೆ ಮುಖ ತೊಳೆದರೆ ಮುಗಿಯಿತು.

1975ರಲ್ಲಿ ಹಿಂದೂಸ್ತಾನ್ ಲೀವರ್ ಕಂಪನಿಯವರು ‘ಫೇರ್ ಅಂಡ್ ಲವ್ಲಿ’ ಎಂಬ ಕ್ರೀಮನ್ನು ತಂದಾಗ ಮಾತಿನ ಧಾಟಿ ಬದಲಾಯಿತು. ಮೇಲೆ ಬಳಿದ ಬಿಳುಪಲ್ಲ, ನಿಮ್ಮ ಬಣ್ಣವೇ ತಿಳಿಯಾಗುತ್ತದೆ ಎಂಬುದು ಹೊಸ ಆಶ್ವಾಸನೆ. ಕಾಲವೂ ಅನುಕೂಲವಾಗಿತ್ತು. ವಿವಿಧ ಭಾರತಿಯಲ್ಲಿ ಜಾಹೀರಾತು 1967ರಲ್ಲಿಯೇ ಆರಂಭವಾಗಿದ್ದರೂ ರೇಡಿಯೋದಲ್ಲಿ ಮುಖ ಕಾಣಿಸದು. 1976ರಲ್ಲಿ ದೂರದರ್ಶನವು ಜಾಹೀರಾತುಗಳನ್ನು ತೆಗೆದುಕೊಳ್ಳತೊಡಗಿತು. 1982ರಲ್ಲಿ ಅದಕ್ಕೆ ಬಣ್ಣ ಬಂತು. ಮುಖವನ್ನು ಬಣ್ಣದಲ್ಲಿ ಮನೆಯೊಳಗೇ ತಂದು ತೋರಿಸುವ ಸಾಧನ ಮಾರುವವರ ಕೈಗೆ ಸಿಕ್ಕಿತು. 2005ರಲ್ಲಿ ಇಮಾಮಿ ಕಂಪನಿಯ ‘ಫೇರ್ ಅಂಡ್ ಹ್ಯಾಂಡ್ಸಮ್’ ಬಂದ ಮೇಲೆ ಗಂಡುಮಕ್ಕಳಿಗೂ ಈ ಚಿಂತೆಯಲ್ಲಿ ಪಾಲು ದೊರೆಯಿತು.

ಈ ಜಾಹೀರಾತುಗಳ ಕಟ್ಟಡವನ್ನು ಗಮನಿಸಿರಿ. ಅದು ನಾಲ್ಕು ಅಂಕಗಳ ನಾಟಕ. ಮೊದಲನೆಯದರಲ್ಲಿ ಕಪ್ಪಗಿನ ಹುಡುಗಿ ತಲೆ ತಗ್ಗಿಸಿ ಕುಳಿತಿರುತ್ತಾಳೆ. ಕೆಲಸ ಸಿಕ್ಕಿಲ್ಲ, ಇಲ್ಲವೆ ವರ ಒಪ್ಪಿಲ್ಲ. ಎರಡನೆಯದರಲ್ಲಿ ಹಿತೈಷಿಯೊಬ್ಬಳು ಟ್ಯೂಬನ್ನು ಕೈಗಿಡುತ್ತಾಳೆ. ಮೂರನೆಯದರಲ್ಲಿ ಒಂದೇ ಮುಖ ಹಲವಾಗಿ ಸಾಲುಗಟ್ಟಿ, ಗೋಡೆಗೆ ಬಳಿಯುವ ಬಣ್ಣದ ಮಾದರಿ ಪಟ್ಟಿಯಂತೆ ಎಡದಿಂದ ಬಲಕ್ಕೆ ಬೆಳ್ಳಗಾಗುತ್ತ ಹೋಗುತ್ತದೆ. ನಾಲ್ಕನೆಯದರಲ್ಲಿ ಕೆಲಸ, ಮದುವೆ, ಚಪ್ಪಾಳೆ. ಇಲ್ಲಿ ನಿಜವಾಗಿ ಮಾರುವುದು ಕ್ರೀಮನ್ನಲ್ಲ, ಮೊದಲನೆಯ ಅಂಕದ ತಗ್ಗಿದ ತಲೆಯನ್ನು. ಆ ನಾಚಿಕೆಯನ್ನು ನೀವು ಕೊಂಡುಕೊಂಡರೆ ಟ್ಯೂಬನ್ನು ಕೊಳ್ಳುವುದು ತಾನಾಗಿ ಆಗುತ್ತದೆ. ತನ್ನ ಬಣ್ಣದ ವಿಷಯ ಯೋಚಿಸದೆ ಆಡಿಕೊಂಡಿದ್ದ ಹತ್ತು ವರ್ಷದ ಮಗುವಿಗೆ ‘ನಿನಗೊಂದು ಕೊರತೆಯಿದೆ’ ಎಂಬ ಸುದ್ದಿಯನ್ನು ಮೊದಲು ಮುಟ್ಟಿಸುವುದು ಈ ನಾಟಕವೇ.

ಇನ್ನು ಚರ್ಮದ ಮಾತು. ನಮ್ಮ ಹೊರಚರ್ಮದ ತಳದಲ್ಲಿ ಮೆಲನೋಸೈಟ್ ಎಂಬ ಜೀವಕೋಶಗಳಿವೆ. ಅವು ಮೆಲನಿನ್ ಎಂಬ ಕಂದುದ್ರವ್ಯವನ್ನು ಸಣ್ಣ ಹರಳುಗಳಾಗಿ ತಯಾರಿಸಿ ಸುತ್ತಲಿನ ಕೋಶಗಳಿಗೆ ಹಂಚುತ್ತವೆ. ಸ್ವಾರಸ್ಯವೆಂದರೆ, ದೇಹದ ಒಂದೇ ಭಾಗವನ್ನು ಹೋಲಿಸಿದರೆ ಈ ಕೋಶಗಳ ಸಂಖ್ಯೆ ಕರಿಯರಲ್ಲಿಯೂ ಬಿಳಿಯರಲ್ಲಿಯೂ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸವಿರುವುದು ಅವು ಮಾಡುವ ಹರಳುಗಳ ಪ್ರಮಾಣ, ಗಾತ್ರ ಮತ್ತು ಹಂಚಿಕೆಯಲ್ಲಿ. ಮೆಲನಿನ್ ಹರಳುಗಳು ಕೋಶದ ಬೀಜಕ್ಕೆ ಕೊಡೆ ಹಿಡಿದಂತೆ ಮೇಲೆ ಕವಿದು ನಿಂತು ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುತ್ತವೆ. ಚರ್ಮದ ಕ್ಯಾನ್ಸರ್ ಬಿಳಿಯ ಚರ್ಮದವರಿಗಿಂತ ಕಪ್ಪು ಚರ್ಮದವರಲ್ಲಿ ಬಹಳ ಕಡಿಮೆ ಕಾಣುವುದು ಈ ಕಾರಣದಿಂದ. ಅಂದರೆ ಕಪ್ಪು ಎಂಬುದು ಕೊಳೆಯಲ್ಲ, ತಿಕ್ಕಿ ತೆಗೆಯುವುದಕ್ಕೆ, ರೋಗವಲ್ಲ, ಗುಣಪಡಿಸುವುದಕ್ಕೆ. ಬಿಸಿಲಿನ ನಾಡಿನವರಿಗೆ ಪ್ರಕೃತಿ ಹೊಲಿದುಕೊಟ್ಟ ಅಂಗಿ ಅದು.

ಹಾಗಾದರೆ ಕ್ರೀಮುಗಳಿಂದ ಏನೂ ಆಗುವುದಿಲ್ಲವೆ? ಆಗುತ್ತದೆ, ಏನಾಗುತ್ತದೆಂಬುದು ಒಳಗಿರುವ ವಸ್ತುವಿನ ಮೇಲೆ ನಿಂತಿದೆ. ಹೆಸರಾಂತ ಕ್ರೀಮುಗಳಲ್ಲಿ ಸಾಮಾನ್ಯವಾಗಿರುವ ನಿಯಾಸಿನಮೈಡ್ ಎಂಬುದು ಬಿ3 ಜೀವಸತ್ವದ ಒಂದು ರೂಪ. ಅದು ಮೆಲನಿನ್ ಹರಳುಗಳು ಮೇಲಿನ ಕೋಶಗಳಿಗೆ ಹಂಚಿಕೆಯಾಗುವುದನ್ನು ಸ್ವಲ್ಪ ತಡೆಯುತ್ತದೆ. ಪರಿಣಾಮ ಅಲ್ಪ, ಹಚ್ಚುವುದು ನಿಲ್ಲಿಸಿದರೆ ಅದೂ ಉಳಿಯದು. ಹುಟ್ಟಿನಿಂದ ಬಂದ ಬಣ್ಣವನ್ನು ಅದು ಬೇರೊಂದಾಗಿ ಮಾಡಲಾರದು.

ಆದರೆ ಹೆಸರಿಲ್ಲದ, ಒಳಗಿನ ವಸ್ತುಗಳ ಪಟ್ಟಿಯಿಲ್ಲದ ಡಬ್ಬಿಗಳ ಕಥೆ ಬೇರೆ. ಕೆಲವದರಲ್ಲಿ ಪಾದರಸ ಇರುತ್ತದೆ. ಮೆಲನಿನ್ ತಯಾರಿಕೆಗೆ ಬೇಕಾದ ಕಿಣ್ವವನ್ನು ಪಾದರಸ ಕಟ್ಟಿಹಾಕುವುದರಿಂದ ಮುಖ ಬೇಗ ಬೆಳ್ಳಗಾಗುವುದು ನಿಜ. ಆದರೆ ಅದು ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ಕೇರಳದ ಕೋಟ್ಟಕ್ಕಲ್‌ನಲ್ಲಿ 2021ರಿಂದ 2023ರವರೆಗೆ ಒಂದು ಬಗೆಯ ಮೂತ್ರಪಿಂಡದ ರೋಗದಿಂದ ಬಂದ 22 ಮಂದಿಯನ್ನು ವೈದ್ಯರು ಪರೀಕ್ಷಿಸಿದರು. ಅವರಲ್ಲಿ 15 ಮಂದಿಗೆ ಆ ರೋಗದ ಅಪರೂಪದ ಒಂದು ಪ್ರಭೇದವಿತ್ತು. ಆ ಹದಿನೈದರಲ್ಲಿ 13 ಮಂದಿ ಬಣ್ಣ ಬಿಳಿಯಾಗಿಸುವ ಕ್ರೀಮನ್ನು ಹಚ್ಚುತ್ತಿದ್ದರು. ಪಾದರಸವನ್ನು ಕುರಿತು 2013ರಲ್ಲಿ ರಾಷ್ಟ್ರಗಳು ಸಹಿ ಹಾಕಿದ ಮಿನಮಾಟ ಒಪ್ಪಂದವು ಇಂಥ ಲೇಪನಗಳಲ್ಲಿ ಹತ್ತು ಲಕ್ಷಕ್ಕೆ ಒಂದು ಭಾಗಕ್ಕಿಂತ ಹೆಚ್ಚಿನ ಪಾದರಸ ಕೂಡದೆಂದಿತ್ತು. 2023ರಲ್ಲಿ ಅದನ್ನು ಇನ್ನೂ ಬಿಗಿಗೊಳಿಸಿ, ಪಾದರಸ ಸೇರಿಸಿದ ಸೌಂದರ್ಯಸಾಧನಗಳನ್ನು ಪೂರ್ತಿ ನಿಲ್ಲಿಸಬೇಕೆಂದು ತೀರ್ಮಾನವಾಯಿತು.

ಇನ್ನೊಂದು ಅಪಾಯ ಸ್ಟೀರಾಯ್ಡ್ ಮುಲಾಮು. ಇಸುಬು, ನವೆಗಳಿಗೆ ವೈದ್ಯರು ಕೆಲವು ದಿನಗಳ ಮಟ್ಟಿಗೆ ಬರೆದುಕೊಡುವ ಔಷಧವಿದು. ಹಚ್ಚಿದ ಕಡೆ ಚರ್ಮ ತಿಳಿಯಾಗುವುದನ್ನು ಕಂಡವರು ಅದನ್ನೇ ತಿಂಗಳುಗಟ್ಟಲೆ ಮುಖಕ್ಕೆ ತಿಕ್ಕುತ್ತಾರೆ. ಚರ್ಮ ತೆಳ್ಳಗಾಗಿ, ಕೆಂಪು ನರಗಳು ಎದ್ದು ಕಂಡು, ಮೊಡವೆ ತುಂಬಿ, ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎಂಬ ಸ್ಥಿತಿ ಬರುತ್ತದೆ. ಇಂಥ ಹಲವು ಮುಲಾಮುಗಳನ್ನು ಕೇಂದ್ರ ಸರಕಾರವು 2018ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಗಳ ಸಾಲಿಗೆ ಸೇರಿಸಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಔಷಧದಂಗಡಿಯ ಮುಂದೆಯೂ ನೆನೆಯಬೇಕು.

ಇದನ್ನು ವಿರೋಧಿಸಿದವರಿಲ್ಲವೆಂದಲ್ಲ. ಕಪ್ಪಗಿನ ಹುಡುಗಿಗೆ ಕ್ರೀಮಿನಿಂದಲೇ ಒಳ್ಳೆಯ ಕೆಲಸ ಸಿಗುವಂತೆ ತೋರಿಸಿದ ಜಾಹೀರಾತುಗಳ ಮೇಲೆ ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಹೋರಾಡಿದ ಫಲವಾಗಿ 2003ರಲ್ಲಿ ಅವು ಪ್ರಸಾರದಿಂದ ಹೋದವು. 2009ರಲ್ಲಿ ಚೆನ್ನೈನಲ್ಲಿ ‘ಡಾರ್ಕ್ ಈಸ್ ಬ್ಯೂಟಿಫುಲ್’ ಎಂಬ ಆಂದೋಲನ ಹುಟ್ಟಿತು. ನಟಿ ನಂದಿತಾ ದಾಸ್ 2013ರಲ್ಲಿ ಅದಕ್ಕೆ ತಮ್ಮ ಮುಖವನ್ನೂ ದನಿಯನ್ನೂ ಕೊಟ್ಟರು. 2014ರಲ್ಲಿ ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯು ನಿಯಮಗಳನ್ನು ಹೊರಡಿಸಿತು: ಬಣ್ಣದ ಕಾರಣದಿಂದ ಯಾರನ್ನೂ ದುಃಖಿಗಳೆಂದೋ ಸೋತವರೆಂದೋ, ಉದ್ಯೋಗಕ್ಕೂ ಮದುವೆಗೂ ಅಯೋಗ್ಯರೆಂದೋ ತೋರಿಸಕೂಡದು, ಜಾತಿ, ಪ್ರದೇಶ, ವೃತ್ತಿಗಳೊಡನೆ ಬಣ್ಣವನ್ನು ಗಂಟುಹಾಕಕೂಡದು. 2020ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು, 1954ರ ಆಕ್ಷೇಪಾರ್ಹ ಜಾಹೀರಾತು ಕಾನೂನಿನ ವ್ಯಾಪ್ತಿಗೆ ಬಿಳುಪಿನ ಆಶ್ವಾಸನೆಯನ್ನೂ ತರುವ ಕರಡನ್ನು ಪ್ರಕಟಿಸಿತು.

ಅದೇ 2020ರಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಜನಾಂಗದ ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತ ಮೇಲೆ ಲೋಕದಲ್ಲೆಲ್ಲ ಎದ್ದ ಕೂಗು ಇಲ್ಲಿಯ ಪೇಟೆಗೂ ಕೇಳಿಸಿತು. ‘ಫೇರ್ ಅಂಡ್ ಲವ್ಲಿ’ ಹೋಗಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಹೆಸರಾಂತ ವಧೂವರ ಜಾಲತಾಣವೊಂದು ಮೈಬಣ್ಣ ನೋಡಿ ಹೆಣ್ಣುಗಂಡುಗಳನ್ನು ಜರಡಿ ಹಿಡಿಯುವ ಸೌಕರ್ಯವನ್ನು ತೆಗೆದುಹಾಕಿತು. ಇಂಗ್ಲಿಷಿನ ‘ಫೇರ್’ ಪದಕ್ಕೆ ಬಿಳುಪು ಎಂದೂ ನ್ಯಾಯ ಎಂದೂ ಎರಡರ್ಥ. ಒಂದೇ ಪದದಲ್ಲಿ ಈ ಎರಡು ಅರ್ಥಗಳು ಕುಳಿತದ್ದರಿಂದ ಎಷ್ಟು ಅನ್ಯಾಯವಾಯಿತೋ! ಹೆಸರು ಬದಲಾದದ್ದು ಒಳ್ಳೆಯದೇ. ಆದರೆ ‘ಬಿಳುಪು’ ಎಂಬಲ್ಲಿ ‘ಕಾಂತಿ’, ‘ಹೊಳಪು’ ಎಂದು ಬರೆದು ಅದೇ ತಗ್ಗಿದ ತಲೆಯನ್ನು ತೋರಿಸಿದರೆ ಪರ್ಯಾಯಪದ ಹಾಕಿದಂತಾಯಿತೇ ಹೊರತು ಅರ್ಥ ಬದಲಾಗಲಿಲ್ಲ.

ಕಾನೂನು ಪರದೆಯ ಮೇಲಿನ ಮಾತನ್ನು ತಿದ್ದಬಹುದು. ಅಡಿಗೆಮನೆಯ ಮಾತನ್ನು ತಿದ್ದಬೇಕಾದವರು ನಾವು. ಹುಟ್ಟಿದ ಮಗುವನ್ನು ನೋಡಹೋದಾಗ ಬಣ್ಣ ಕೇಳುವುದನ್ನು ಬಿಡೋಣ. “ಬಿಸಿಲಿಗೆ ಹೋಗಬೇಡ, ಕಪ್ಪಾಗುತ್ತೀಯೆ” ಎಂದು ಆಟದ ಬಯಲಿನಿಂದ ಹೆಣ್ಣುಮಕ್ಕಳನ್ನು ಕರೆತರುವುದನ್ನು ಬಿಡೋಣ. ಅವರು ಕಳೆದುಕೊಳ್ಳುವುದು ಆಟವನ್ನು, ಆರೋಗ್ಯವನ್ನು. ಅಕ್ಕತಂಗಿಯರನ್ನು ಪಕ್ಕದಲ್ಲಿ ನಿಲ್ಲಿಸಿ ಹೋಲಿಸುವುದನ್ನು ಬಿಡೋಣ. ವಧೂವರರ ಜಾಹೀರಾತು ಬರೆಯುವಾಗ ಬಣ್ಣದ ಕಾಲಂ ಖಾಲಿ ಬಿಟ್ಟರೆ ಯಾವ ಮದುವೆಯೂ ನಿಲ್ಲದು. ನಿಂತರೆ, ನಿಲ್ಲಬೇಕಾದದ್ದೇ ನಿಂತಿತು ಎಂದುಕೊಳ್ಳಬಹುದು. ಮುಖಕ್ಕೆ ಏನನ್ನಾದರೂ ಹಚ್ಚುವ ಮೊದಲು ಡಬ್ಬಿಯ ಮೇಲಿನ ಪಟ್ಟಿಯನ್ನು ಓದೋಣ, ಪಟ್ಟಿಯಿಲ್ಲದಿದ್ದರೆ ಕೊಳ್ಳದಿರೋಣ. ಅನುಚಿತವೆನಿಸಿದ ಜಾಹೀರಾತಿನ ಮೇಲೆ ಸಾಮಾನ್ಯ ಗೃಹಸ್ಥರೂ ಜಾಹೀರಾತು ಮಂಡಳಿಗೆ ದೂರು ಬರೆಯಬಹುದೆಂಬುದನ್ನು ನೆನಪಿಡೋಣ.

ಭಾರತದ ಆದಿಯಲ್ಲಿ ಒಂದು ಪ್ರಸಂಗವುಂಟು. ಕರಿಯ ಮೈಬಣ್ಣದ, ಜಟೆಗಟ್ಟಿದ ಕೂದಲಿನ ವ್ಯಾಸರನ್ನು ಕಂಡು ಅಂಬಿಕೆ ಕಣ್ಣು ಮುಚ್ಚಿಕೊಂಡಳು. ಅವಳ ಮಗ ಧೃತರಾಷ್ಟ್ರ ಕುರುಡನಾಗಿ ಹುಟ್ಟಿದ. ಈ ಕಥೆಯನ್ನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೆ. ಕುರುಡು ಬಂದದ್ದು ವ್ಯಾಸರ ಬಣ್ಣದಿಂದಲ್ಲ, ಕಣ್ಣು ಮುಚ್ಚಿಕೊಂಡದ್ದರಿಂದ ಎಂಬುದು ನನಗೆ ಹೊಳೆದದ್ದು ಆ ವಾರ್ಷಿಕೋತ್ಸವವಾದ ಮೇಲೆ.

ಪರದೆಯ ಹಿಂದೆ ನಿಂತು ಓದಿದ ಹುಡುಗಿ ಈಗ ನಮ್ಮ ಶಾಲೆಯನ್ನು ಬಿಟ್ಟು ಹೋಗಿದ್ದಾಳೆ. ಅವಳಿಗೆ ಎದುರಿಗೆ ಹೇಳಬೇಕಾಗಿದ್ದ ಮಾತನ್ನು ಹೇಳದೆ ಉಳಿಸಿಕೊಂಡೆ. ದ್ರೌಪದಿಯ ಪಾತ್ರ ನಿನ್ನದೇ ಆಗಿತ್ತು, ಮಗು, ತಪ್ಪು ನನ್ನದು. ಅವಳ ಮನೆಯಲ್ಲಿ ರೇಡಿಯೋ ಇದೆಯೆಂದು ಕೇಳಿದ್ದೇನೆ. ಈ ಪತ್ರಿಕೆಯೂ ಅಲ್ಲಿಗೆ ಹೋಗುತ್ತಿರಬಹುದು.